ಒಂದು ಎಸಳು ಕಡಿಮೆ

ನಮ್ಮ ಖಾಲಾ ಹಾವಿಗೆ ಹೆದರುವುದಿಲ್ಲ, ನಾಯಿಗೆ ಹೆದರುವುದಿಲ್ಲ, ಬೀಗರಿಗೂ ಹೆದರುವುದಿಲ್ಲ. ಅವರು ಗಡಗಡ ನಡುಗುವುದು ಒಂದೇ ಮಾತಿಗೆ: ‘ಚೆಂದ!’

ಖಾಲಾ ಎಂದರೆ ನನ್ನ ಸ್ವಂತ ಚಿಕ್ಕಮ್ಮ ಅಲ್ಲ. ವಿಜಯಪುರದ ಇಬ್ರಾಹಿಂಪುರದಲ್ಲಿ ನನ್ನ ತವರಿನ ಪಕ್ಕದ ಮನೆಯವರು, ಇಡೀ ಓಣಿಗೇ ಖಾಲಾ. ಮದುವೆಯ ಲೆಹೆಂಗಾಗಳಿಗೆ ಕೈಯಿಂದಲೇ ಜರಿ ಹೂ ಹಾಕುತ್ತಾರೆ. ರೇಷ್ಮೆಯನ್ನು ಮರದ ಚೌಕಟ್ಟಿಗೆ ಬಿಗಿದು ಕೂತರೆಂದರೆ ಊಟದ ನೆನಪೂ ಇರುವುದಿಲ್ಲ. ಆದರೆ ಬಂದವರು ಆ ಕೆಲಸ ನೋಡಿ ‘ಪರವಾಗಿಲ್ಲ’ ಎನ್ನಬೇಕು, ಅಷ್ಟೇ. ಹೊಗಳಿದಿರೋ, ದೃಷ್ಟಿ ತಗುಲಿತೆಂದೇ ತಿಳಿಯಿರಿ!

ಒಮ್ಮೆ ಬಬಲೇಶ್ವರದಿಂದ ಬಂದಿದ್ದ ಮದುಮಗಳ ತಾಯಿ ಬಾಯಿತಪ್ಪಿ, “ಯವ್ವಾ, ಎಷ್ಟ ಚೆಂದ ಆಗೇತ್ರಿ!” ಎಂದುಬಿಟ್ಟರು. ಖಾಲಾ ಎದೆ ಹಿಡಿದುಕೊಂಡರು. “ಥೂ ಅನ್ರಿ ಅಕ್ಕಾರ, ಮೂರ ಸಲ ಥೂ ಅನ್ರಿ, ಲಗೂನ!” ಅವರೂ ಹೆದರಿ ಅಂದೇಬಿಟ್ಟರು. ಪಾಪ, ಬಾಯಿ ತುಂಬ ಎಲೆ-ಅಡಿಕೆ! ಆ ಲೆಹೆಂಗಾದ ಮೇಲೆ ಮೊದಲ ನಕ್ಷೆಯಲ್ಲಿ ಇರದಿದ್ದ ಮೂರು ಕೆಂಪು ಹೂಗಳು ಅರಳಿದ್ದು ಹೀಗೆ.

ಹೊಟ್ಟೆ ಹಿಡಿದು ನಕ್ಕವಳು ನಾನು. ನನ್ನ ಪಾಳಿ ಬರುವವರೆಗೆ ನಗು ಇತ್ತು.

ತಿಕೋಟಾದ ಮನೆತನಕ್ಕೆ ನನ್ನ ಮದುವೆ ಗೊತ್ತಾದಾಗ, ಖಾಲಾ ಕೈಯ ಲೆಹೆಂಗಾವೇ ಬೇಕೆಂದು ಹಟ ಹಿಡಿದೆ. ಆಗಲೇ ಅವರ ಕಣ್ಣಿಗೆ ಪೊರೆ ಬಂದಿತ್ತು. ಡಾಕ್ಟರು ಆಪರೇಷನ್ ಎಂದರೆ, “ಹುಡುಗೀದು ಮುಗೀಲ್ರಿ, ಆಮ್ಯಾಲ ನೋಡೂಣು” ಎಂದು ಎದ್ದುಬಂದರು. ಸೂಜಿಗೆ ದಾರ ಪೋಣಿಸಿಕೊಡುತ್ತ ನಾನೂ ಪಕ್ಕದಲ್ಲಿ ಕೂತು ಅಷ್ಟಿಷ್ಟು ಹೊಲಿಗೆ ಕಲಿತೆ.

ಮದುವೆಯ ಹಿಂದಿನ ದಿನ ನೋಡುತ್ತೇನೆ, ಅಂಚಿನ ಐದೆಸಳಿನ ಹೂಗಳ ಸಾಲಿನಲ್ಲಿ ಒಂದಕ್ಕೆ ನಾಲ್ಕೇ ಎಸಳು! ಕಣ್ಣು ಕಾಣದೆ ಬಿಟ್ಟಿದ್ದಾರೆ ಎಂದು ಕರುಳು ಚುರ್ರೆಂದಿತು. ಅವರಿಗೆ ತಿಳಿಯದಂತೆ ಐದನೆಯದನ್ನು ನಾನೇ ತುಂಬಿದೆ. ಎಂಥ ಜಾಣೆ ನೋಡಿ!

ಮರುದಿನ ಕಲ್ಯಾಣ ಮಂಟಪದ ಕೋಣೆಯಲ್ಲಿ ಖಾಲಾ ಅಂಚಿನ ಮೇಲೆ ಬೆರಳಾಡಿಸಿದರು. ಬೆರಳು ಒಂದು ಕಡೆ ನಿಂತಿತು. ಮುಖ ಬಿಳುಚಿತು.

“ಇದನ್ನ ಯಾರ ತುಂಬ್ಯಾರ?”

“ನಾನ... ನೀವು ಮರತೀರಿ ಅಂತ ತಿಳಕೊಂಡ್ನಿ ಖಾಲಾ.”

“ಮರತಿಲ್ಲಬೇ, ಬೇಕಂತನ ಬಿಟ್ಟಿದ್ನಿ! ಎಲ್ಲಾ ಪೂರಾ ಆದ್ರ ನದರ ಬೀಳತೈತಿ. ನಮ್ಮವ್ವ ಕಲಿಸಿದ್ದದು. ಇವತ್ತಿನ ತನಕ ಒಂದೂ ಪೂರಾ ಮಾಡಿಲ್ಲ ನಾ!”

ಅವರು ಕತ್ತರಿ ಹುಡುಕುವಷ್ಟರಲ್ಲಿ ಹೊರಗಿನಿಂದ ಕರೆ ಬಂತು. ಬಂದವರ ಬಾಯಲ್ಲೆಲ್ಲ ‘ಚೆಂದ, ಚೆಂದ’! ಮೈಕ್ ಕೊಂಯ್ ಎಂದರೂ ನನ್ನ ಎದೆ ಧಸಕ್ಕೆನ್ನುತ್ತಿತ್ತು. ಖಾಲಾ ನನ್ನ ಹಿಂದೆಯೇ ನಿಂತು ಪ್ರತಿ ಹೊಗಳಿಕೆಗೂ ಪಿಸುಗುಟ್ಟುತ್ತಿದ್ದರು: “ನನಗ ಬರ್ಲಿ, ಹುಡುಗಿಗೆ ಬ್ಯಾಡ. ನನಗ ಬರ್ಲಿ.”

ನನಗೇನೂ ಆಗಲಿಲ್ಲ. ಅದೇ ಹೆದರಿಕೆ! ಹದಿನೈದು ದಿನಕ್ಕೆ ಅವರ ಆಪರೇಷನ್. ಅಷ್ಟು ಜನರ ದೃಷ್ಟಿಯನ್ನು ಕೇಳಿ ಕೇಳಿ ತೆಗೆದುಕೊಂಡಿದ್ದರಲ್ಲ, ಇರುವ ಕಣ್ಣೂ ಹೋದರೆ? ಓದಿದವಳು ನಾನು, ಇದನ್ನೆಲ್ಲ ನಂಬುವವಳಲ್ಲ. ಆದರೂ ಆ ಬೆಳಿಗ್ಗೆ ತಿಕೋಟಾದ ಬಸ್ಸಿನಲ್ಲಿ ಲೆಹೆಂಗಾ ತೊಡೆಯ ಮೇಲೆ ಹರಡಿಕೊಂಡು, ನಾನು ತುಂಬಿದ ಎಸಳನ್ನು ಒಂದೊಂದೇ ಹೊಲಿಗೆ ಬಿಚ್ಚುತ್ತ ವಿಜಯಪುರಕ್ಕೆ ಬಂದೆ. ಪಕ್ಕದಲ್ಲಿ ಕೂತಾಕೆ, “ಯಾಕಬೇ ಯವ್ವಾ, ಛೊಲೋ ಇದ್ದದ್ದನ್ನ ಹಾಳ ಮಾಡಾಕತ್ತಿ?” ಎಂದರೂ ಬಿಡಲಿಲ್ಲ. ಬಸ್ಸು ಕುಲುಕಿ ಸೂಜಿ ಎರಡು ಸಲ ಬೆರಳಿಗೇ ಚುಚ್ಚಿತು.

ಮಾರನೆಯ ದಿನ ಕಣ್ಣಿನ ಪಟ್ಟಿ ಬಿಚ್ಚಿದರು. ಆ ಹೂವನ್ನು ಖಾಲಾ ಮುಂದೆ ಹಿಡಿದು ನಿಂತೆ. ಅವರು ಬೆರಳಿನಿಂದ ಮುಟ್ಟಲಿಲ್ಲ. ಬರೀ ನೋಡಿದರು.

“ಒಂದ... ಎರಡ... ಮೂರ... ನಾಕ.” ಅಲ್ಲಿಗೆ ನಿಲ್ಲಿಸಿ ನನ್ನ ಮುಖ ನೋಡಿದರು. “ಒಂದ ಕಡಿಮಿ ಐತಲ್ಲಬೇ!” ಎಂದು ನಕ್ಕರು. ನಾನು ಅತ್ತುಬಿಟ್ಟೆ.

ಆ ನಗುಮುಖ ಹೇಗಿತ್ತು ಅಂತೀರಾ? ಪರವಾಗಿಲ್ಲ ರೀ. ಅಷ್ಟೇನೂ ಚೆಂದ ಇರಲಿಲ್ಲ!