ಪರದೆಯ ಮೇಲೆ ಹ್ಯಾಂಗ್ ಆದ ಅತ್ತೆ

ಮಿಕ್ಸಿ ಕೆಟ್ಟರೆ ನಾನೇ ಬಿಚ್ಚುತ್ತೇನೆ. ಇಸ್ತ್ರಿಪೆಟ್ಟಿಗೆ ಕೆಟ್ಟರೂ ನಾನೇ ಬಿಚ್ಚುತ್ತೇನೆ. ಮತ್ತೆ ಜೋಡಿಸುವಾಗ ಒಂದೆರಡು ಸ್ಕ್ರೂ ಮಿಕ್ಕುತ್ತವೆ, ಅದು ಬೇರೆ ಮಾತು. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತಳಾದವಳು ಇರುವ ಮನೆಗೆ ರಿಪೇರಿಯವರು ಕಾಲಿಡುವುದೆಂದರೆ ವಿಜ್ಞಾನಕ್ಕೇ ಅವಮಾನ! ಆದ್ದರಿಂದ ನಮ್ಮ ಕತ್ರಿಗುಪ್ಪೆ ಮನೆಯ ಕಂಪ್ಯೂಟರ್ ಹ್ಯಾಂಗ್ ಆಗತೊಡಗಿದಾಗ ನಾನು ಹೆದರಲಿಲ್ಲ. ನಿಜ ಹೇಳಬೇಕೆಂದರೆ ಒಳಗೊಳಗೇ ಖುಷಿಯಾಯಿತು.

ಕಂಪ್ಯೂಟರ್ ಹೆಸರಿಗೆ ಮನೆಯವರೆಲ್ಲರದು. ಅದರ ಮುಂದೆ ಕೂರುವವರು ಮಾತ್ರ ನಮ್ಮತ್ತೆ. ಎಂಬತ್ತು ದಾಟಿದ ಅತ್ತೆ ಆನ್‌ಲೈನಿನಲ್ಲಿ ಸಂಪ್ರದಾಯದ ಹಾಡು ಕಲಿಸುತ್ತಾರೆ. ಎಣ್ಣೆಶಾಸ್ತ್ರದ ಹಾಡು, ಆರತಿ ಹಾಡು, ಬೀಗರನ್ನು ಗೇಲಿ ಮಾಡುವ ಹಾಡು, ಎಲ್ಲವೂ ಅವರ ನಾಲಿಗೆಯ ಮೇಲೇ ಇವೆ. ಬಿಳೇಕಹಳ್ಳಿಯಿಂದ ಹಿಡಿದು ಶಿವಮೊಗ್ಗದವರೆಗೆ ಶಿಷ್ಯೆಯರಿದ್ದಾರೆ. ಮೊಬೈಲಿನಲ್ಲಿ ಅವರ ಮುಖಗಳು ಸಾಸಿವೆ ಕಾಳಿನಷ್ಟು ಕಾಣುತ್ತವೆಂದು ಅತ್ತೆಗೆ ದೊಡ್ಡ ಪರದೆಯೇ ಬೇಕು.

ಮುಂಬರುವ ಭಾನುವಾರ ಶಿಷ್ಯೆಯರೆಲ್ಲ ಸೇರಿ ಮೊದಲ ಕಾರ್ಯಕ್ರಮ ಕೊಡುವುದಿತ್ತು. ನೆಂಟರಿಷ್ಟರೆಲ್ಲ ನೋಡುವವರಿದ್ದರು. ಅತ್ತೆ ಆಗಲೇ ತಮ್ಮ ಹಸಿರು ರೇಷ್ಮೆ ಸೀರೆಯನ್ನು ಬೀರುವಿನಿಂದ ತೆಗೆದು ಗಾಳಿಗೆ ಹರವಿದ್ದರು. "ಅಡುಗೆಮನೇಲಿ ಗುನುಗ್ತಿದ್ದ ಹಾಡು ಕಣೇ. ಇದನ್ನ ಕೇಳೋಕೂ ಜನ ಕೂತ್ಕೋತಾರಂತೆ!" ಎಂದು ಹೋಗಿ ಬಂದು ಹೇಳಿಕೊಂಡು ನಗುತ್ತಿದ್ದರು.

ಆಗ ಬಂತು ಸೋಮವಾರದ ಕ್ಲಾಸು. ಬೀಗರ ಹಾಡು ರಂಗೇರಿದ್ದಾಗ ಎಲ್ಲವೂ ಗಕ್ಕನೆ ನಿಂತಿತು. ಪರದೆಯಲ್ಲಿ ಅತ್ತೆ ಬಾಯಿ ತೆರೆದು, ಕೈ ಮೇಲೆತ್ತಿಕೊಂಡು ಹಾಗೇ ಉಳಿದರು.

"ಅಯ್ಯೋ, ಬಾರೇ ಇಲ್ಲಿ! ನಾನು ಮುಂದಿನ ಸಾಲಿಗೆ ಹೋಗಿದೀನಿ, ಅವಳು ಇನ್ನೂ ಅಲ್ಲೇ ನಿಂತಿದಾಳೆ!" ಎಂದು ಕುರ್ಚಿಯ ಮೇಲಿದ್ದ ಅತ್ತೆ ಕೂಗಿದರು.

ನಾನು ಗಂಭೀರವಾಗಿ ಬಂದು ಆಫ್ ಮಾಡಿ ಆನ್ ಮಾಡಿದೆ. ಸರಿಹೋಯಿತು. ಅತ್ತೆ ನನ್ನನ್ನು ಡಾಕ್ಟರನ್ನು ನೋಡುವ ಹಾಗೆ ನೋಡಿದರು. ಮರುದಿನ ಮತ್ತೆ ನಿಂತಿತು.

"ಅಂಗಡಿಗೆ ಒಂದು ಫೋನ್ ಮಾಡ್ಲಾ?" ಎಂದು ನಮ್ಮವರು ಪೇಪರಿನ ಹಿಂದಿನಿಂದ ಕೇಳಿದರು.

"ಯಾಕ್ರೀ, ನಾನಿಲ್ವಾ?"

"ಇದೀಯ. ಅದಕ್ಕೇ ಕೇಳ್ದೆ."

ಈ ಮಾತಿಗೆ ನಾನು ಬೆಲೆ ಕೊಡಲಿಲ್ಲ. ಕೂಲಂಕಷ ಅಧ್ಯಯನ ನಡೆಸಿ, ತಪ್ಪು ವೋಲ್ಟೇಜಿನದೇ ಎಂದು ತೀರ್ಮಾನಿಸಿದೆ. ವೋಲ್ಟೇಜು ಬೀಳಿಸುತ್ತಿರುವ ಅಪರಾಧಿ ಪಕ್ಕದ ಮನೆಯ ಲಕ್ಷ್ಮಮ್ಮನವರ ಗ್ರೈಂಡರ್! ಅದು ತಿರುಗುವ ಹೊತ್ತೂ ಅತ್ತೆಯ ಕ್ಲಾಸಿನ ಹೊತ್ತೂ ಒಂದೇ. ಕಾಂಪೌಂಡಿನ ಬಳಿ ಹೋಗಿ, ಕ್ಲಾಸ್ ಮುಗಿಯುವವರೆಗೆ ದಯವಿಟ್ಟು ರುಬ್ಬಬಾರದೆಂದು ವಿನಂತಿಸಿಕೊಂಡೆ.

"ಆಯ್ತು ಬಿಡಿ ಟೀಚರಮ್ಮ, ಅಜ್ಜಿ ಹಾಡು ಅಂದ್ಮೇಲೆ ಇಲ್ಲ ಅನ್ನೋಕಾಗತ್ತಾ" ಎಂದರು ಲಕ್ಷ್ಮಮ್ಮ. ಎಂಥ ಒಳ್ಳೆಯ ಹೆಂಗಸು ಅಂದುಕೊಂಡೆ. ಮರುದಿನ ಬೆಳಿಗ್ಗೆ ನೆನೆಸಿದ ಅಕ್ಕಿ, ಉದ್ದಿನ ಎರಡು ಪಾತ್ರೆ ಹಿಡಿದು ನಮ್ಮ ಬಾಗಿಲಲ್ಲಿ ನಿಂತಿದ್ದರು. "ಕ್ಲಾಸ್ ಮುಗಿದ್ಮೇಲೆ ನೀವೇ ರುಬ್ಬಿ ಕೊಟ್ಬಿಡಿ. ನಾನು ಮಗಳ ಮನೆಗೆ ಹೊರಟಿದೀನಿ. ಇಡ್ಲಿಗೆ, ಸ್ವಲ್ಪ ತರಿ ಇರ್ಲಿ!"

ರುಬ್ಬಿದೆ. ತರಿ ಇಟ್ಟೇ ರುಬ್ಬಿದೆ. ಕಂಪ್ಯೂಟರ್ ಆ ದಿನವೂ ನಿಂತಿತು.

ಮುಂದಿನ ತೀರ್ಮಾನ, ಕಂಪ್ಯೂಟರಿಗೆ ಭಾರ ಹೆಚ್ಚಾಗಿದೆ ಎಂಬುದು. ಒಳಗಿದ್ದ ದೊಡ್ಡ ದೊಡ್ಡ ಫೈಲುಗಳನ್ನು ಹುಡುಕಿ ಹುಡುಕಿ ಅಳಿಸಿದೆ. ಸಂಜೆ ನಮ್ಮವರು ಕಂಪ್ಯೂಟರ್ ಮುಂದೆ ಕೂತು ಒಂದೊಂದೇ ಫೋಲ್ಡರ್ ತೆರೆದು ನೋಡಿದರು. ಆಮೇಲೆ ಮೆಲ್ಲಗೆ ಕೇಳಿದರು.

"ಕೇದಾರ ಎಲ್ಲಿ?"

"ಉತ್ತರದಲ್ಲಿ" ಎಂದೆ.

"ಅಲ್ವೇ, ನನ್ನ ಕೇದಾರದ ಫೋಟೋಗಳು! ಬದರಿನೂ ಇಲ್ವಲ್ಲೇ!"

"ಮನಸ್ಸಲ್ಲಿ ಇದಾವಲ್ರೀ" ಎಂದೆ. ಆ ರಾತ್ರಿ ನಮ್ಮವರು ನನ್ನ ಪಾಲಿನ ಹಪ್ಪಳವನ್ನೂ ತಾವೇ ತಿಂದರು.

ಇಷ್ಟರ ನಡುವೆ ನಾನು ದೇವರನ್ನೂ ಬಿಟ್ಟಿರಲಿಲ್ಲ. ಹಿಂದಿನ ವಾರವಷ್ಟೇ ಆಯುಧಪೂಜೆಯಲ್ಲಿ ಸಿಪಿಯು ಪೆಟ್ಟಿಗೆಗೆ ಅರಿಶಿನ ಕುಂಕುಮ ಇಟ್ಟು, ಸೇವಂತಿಗೆ ಮಾಲೆ ಹಾಕಿ, ಮಾಲೆ ಜಾರದಿರಲೆಂದು ಅದರ ತುದಿಯನ್ನು ಹಿಂಬದಿಯ ಕಿಂಡಿಯೊಳಗೆ ತುರುಕಿದ್ದೆ. ನೆತ್ತಿಯ ಜಾಲರಿಯ ಮೇಲೆ ಧಾರಾಳವಾಗಿ ಅಕ್ಷತೆ ಹಾಕಿದ್ದೆ. ಈಗ ಅದು ಹ್ಯಾಂಗ್ ಆದಾಗಲೆಲ್ಲ ಇನ್ನೊಂದು ಹಿಡಿ ಹಾಕತೊಡಗಿದೆ.

"ಎರಡು ಕಾಳು ಸಾಕು ಕಣೇ" ಎಂದರು ಅತ್ತೆ.

"ದೇವರ ವಿಷಯದಲ್ಲಿ ಜಿಪುಣತನ ಬೇಡ ಅತ್ತೆ" ಎಂದೆ. ಮಾಡುವ ಕೆಲಸ ಅಚ್ಚುಕಟ್ಟಾಗಿ ಮಾಡುವುದು ನನ್ನ ಸ್ವಭಾವ.

ಶನಿವಾರ ಕೊನೆಯ ತಾಲೀಮು. ಅಂದು ಅದು ನಿಂತದ್ದಕ್ಕೆ ಲೆಕ್ಕವೇ ಇಲ್ಲ. ಪಲ್ಲವಿಗೆ ನಿಂತಿತು, ಚರಣಕ್ಕೆ ನಿಂತಿತು, ನೀರು ಕುಡಿಯುವುದಕ್ಕೂ ನಿಂತಿತು. ಅತ್ತೆ ಎದ್ದು ಹೋಗಿ ಹಸಿರು ಸೀರೆಯನ್ನು ಮಡಿಸಿ ಬೀರುವಿಗೆ ಇಟ್ಟರು. "ಹೋಗ್ಲಿ ಬಿಡೇ. ಅವರೇ ಹಾಡಿಕೊಳ್ಳಲಿ. ನಾನಿಲ್ದೆ ಇದ್ರೇನಂತೆ" ಎಂದರು. ವಿಜ್ಞಾನದ ಮಾನ ಹೋದರೆ ಹೋಗಲಿ, ಅತ್ತೆಯ ಸೀರೆ ಮತ್ತೆ ಹೊರಬರಬೇಕು!

"ರೀ, ಎತ್ಕೊಳ್ಳಿ. ಅಂಗಡಿಗೇ ಹೋಗೋಣ" ಎಂದೆ.

ನಮ್ಮವರಿಗೆ ಕೇದಾರ ಮರಳಿ ಸಿಕ್ಕಷ್ಟು ಸಂತೋಷವಾಯಿತು. ಇಬ್ಬರೂ ಸೇರಿ ಪೆಟ್ಟಿಗೆಯನ್ನು ಎತ್ತಿ ವಾಲಿಸಿದೆವು. ಒಳಗಿಂದ ಸರಸರ ಸದ್ದು ಬಂತು. ನೋಡುನೋಡುತ್ತಿದ್ದಂತೆ ಅದರ ತಳದಿಂದ ನೆಲಕ್ಕೆ ಅಕ್ಕಿ ಸುರಿಯಿತು. ಹಳದಿ ಅಕ್ಕಿ!

"ಇದು ಕಂಪ್ಯೂಟರೋ ಅಕ್ಕಿ ಡಬ್ಬಾನೋ?" ಎಂದರು ನಮ್ಮವರು.

ಪಕ್ಕದ ಮುಚ್ಚಳ ಬಿಚ್ಚಿದೆ. ಒಳಗಿನ ಪುಟ್ಟ ಫ್ಯಾನಿಗೆ ಸೇವಂತಿಗೆ ಮಾಲೆಯ ದಾರ ಸುತ್ತಿಕೊಂಡಿತ್ತು. ರೆಕ್ಕೆಗಳ ಸಂದಿಯಲ್ಲಿ ಒಣಗಿದ ಹೂವು, ಅದರ ಮೇಲೆ ಅಕ್ಷತೆ. ಫ್ಯಾನ್ ತಿರುಗದೆ, ಬಿಸಿಗಾಳಿ ಹೊರಗೆ ಹೋಗದೆ, ಕಂಪ್ಯೂಟರ್ ಕಾದು ಕಾದು ನಿಲ್ಲುತ್ತಿತ್ತು. ಬಿಸಿಯಾದ ವಸ್ತುವಿಗೆ ಗಾಳಿಯಾಡಬೇಕು ಎಂದು ಎಷ್ಟು ಮಕ್ಕಳ ಕೈಲಿ ನಾನು ಬರೆಸಿಲ್ಲ! ಬರೆಯದವರನ್ನು ಬೆಂಚಿನ ಮೇಲೆ ನಿಲ್ಲಿಸಿದ್ದೆ ಕೂಡ.

ದಾರ ಬಿಡಿಸಿ, ಬ್ರಶ್ಶಿನಿಂದ ಗುಡಿಸಿ, ಮುಚ್ಚಳ ಹಾಕಿದೆ. ಒಂದು ಸ್ಕ್ರೂ ಮಿಕ್ಕಿತು. ಆನ್ ಮಾಡಿದರೆ ಫ್ಯಾನ್ ಗುಂಯ್ ಎಂದಿತು. ಅತ್ತೆ ಎರಡು ಗಂಟೆ ಹಾಡಿದರೂ ನಿಲ್ಲಲಿಲ್ಲ. ಸೀರೆ ಹೊರಬಂತು!

"ಎಷ್ಟಾದ್ರೂ ಸೈನ್ಸ್ ಟೀಚರ್ ಕಣಪ್ಪ ನಮ್ಮ ಸೊಸೆ" ಎಂದರು ಅತ್ತೆ. ನಮ್ಮವರು ಕೆಮ್ಮಿದರು. ನಾನು ಅವರ ತಟ್ಟೆಗೆ ಎರಡು ಹಪ್ಪಳ ಹೆಚ್ಚಿಗೆ ಹಾಕಿದೆ.

ಭಾನುವಾರದ ಕಾರ್ಯಕ್ರಮ ಜೋರಾಗಿ ನಡೆಯಿತು. ಬೀಗರ ಹಾಡಿಗೆ ನೆಂಟರೆಲ್ಲ ಬಿದ್ದು ಬಿದ್ದು ನಕ್ಕರು. ಲಕ್ಷ್ಮಮ್ಮ ನಮ್ಮ ಮನೆಗೇ ಬಂದು ಕೂತು ಚಪ್ಪಾಳೆ ತಟ್ಟಿದರು. ಕೊನೆಗೆ ಅತ್ತೆ ಕಣ್ಣೊರೆಸಿಕೊಂಡು, "ಎಲ್ರೂ ಚೆನ್ನಾಗಿರಿ ನನ್ನಮ್ಮಂದಿರಾ" ಎನ್ನುತ್ತ ಸೆರಗಿನ ಮರೆಯಿಂದ ಮುಷ್ಟಿ ಎತ್ತಿದರು. ಮುಷ್ಟಿ ತುಂಬ ಅಕ್ಷತೆ! ಪರದೆಯ ಪಕ್ಕದಲ್ಲೇ ಸಿಪಿಯು!

"ಬೇಡಾ!" ಎಂದು ಕಿರುಚಿ ನಾನು ನಡುವೆ ಹಾರಿದೆ. ಪರದೆಯ ಕಡೆಗೇ ಮುಖ ಮಾಡಿ, ಎರಡೂ ಕೈ ಚಾಚಿ ಪೆಟ್ಟಿಗೆಗೆ ಅಡ್ಡ ಬಾಗಿದೆ. ಅಕ್ಷತೆಯೆಲ್ಲ ನನ್ನ ತಲೆಯ ಮೇಲೆ ಬಿತ್ತು. ಶಿವಮೊಗ್ಗದ ಶಿಷ್ಯೆ ನೆನಪಿಗಿರಲೆಂದು ಪರದೆಯ ಫೋಟೋ ತೆಗೆದದ್ದು ಅದೇ ಕ್ಷಣದಲ್ಲಿ.

ಈಗ ಆ ಫೋಟೋ ಎಲ್ಲರ ಮೊಬೈಲಿನಲ್ಲೂ ಇದೆ. ಸುತ್ತಲಿನ ಚೌಕಗಳಲ್ಲಿ ಶಿಷ್ಯೆಯರು ಮುಗುಳ್ನಗುತ್ತಿದ್ದಾರೆ. ನಮ್ಮ ಚೌಕದ ತುಂಬ ನಾನೇ. ತೆರೆದ ಬಾಯಿ, ಚಾಚಿದ ಕೈ, ತಲೆ ತುಂಬ ಹಳದಿ ಅಕ್ಕಿ. ಅತ್ತೆ ಅದನ್ನು ದೊಡ್ಡ ಪರದೆಯಲ್ಲಿ ಹಾಕಿಸಿಕೊಂಡು ತುಂಬಾ ಹೊತ್ತು ನೋಡಿದರು.

"ಪಾಪ, ಇವಳೂ ನಿಂತುಬಿಟ್ಟಿದಾಳೆ ನೋಡೋ" ಎಂದರು ಮಗನಿಗೆ. "ಒಂದ್ಸಲ ಆಫ್ ಮಾಡಿ ಆನ್ ಮಾಡು."