ಕಾರೆಲ್ಲಿ ಬಿಟ್ಟಿದ್ದೀರಿ, ಅಳಿಯಂದ್ರೆ?

ಕಾರು ಓಡಿಸುವುದನ್ನು ಹದಿನೈದು ದಿನದಲ್ಲಿ ಕಲಿತೆ. ಅದನ್ನು ಸರ್ವೀಸಿಗೆ ಎಲ್ಲಿ ಬಿಡಬೇಕು ಅನ್ನುವುದನ್ನು ಆರು ವರ್ಷದಿಂದ ಕಲಿಯುತ್ತಲೇ ಇದ್ದೇನೆ. ವರ್ಷಕ್ಕೆರಡು ಸಲ ಸರ್ವೀಸಿನ ತಾರೀಖು ಬರುತ್ತದೆ, ಎರಡು ಸಲವೂ ಏನಾದರೊಂದು ನಡೆದೇ ನಡೆಯುತ್ತದೆ. ಅದರಲ್ಲಿ ನನ್ನ ಪಾಲಿನ ಕೆಲಸ ಬಾಯಿ ಬಿಟ್ಟುಕೊಂಡು ನೋಡುವುದಷ್ಟೇ. ನಮ್ಮ ಕಡೆಯ ಜನರಲ್ಲಿ ಅಷ್ಟೊಂದು ವಿದ್ಯೆ ಇದೆ.

ನಾನು ಬಿಳಿಕೆರೆ ಹತ್ತಿರದ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಹೆಂಡತಿ ಎಚ್.ಡಿ. ಕೋಟೆ ಕಡೆಯ ಒಂದು ಆಸ್ಪತ್ರೆಯಲ್ಲಿ ನರ್ಸು. ಮನೆ ಹುಣಸೂರು. ಕಾರು ಮಾವನವರು ಕೊಟ್ಟದ್ದು. ಪಿರಿಯಾಪಟ್ಟಣದ ಕಡೆ ಅವರದು ಹೊಗೆಸೊಪ್ಪಿನ ಬೇಸಾಯ. ಹೊಸ ಜೀಪು ಕೊಂಡಾಗ ಹಳೆಯ ಕಾರನ್ನು ನಮಗೆ ಕೊಟ್ಟರು, ಜೊತೆಗೆ ಒಂದು ಷರತ್ತನ್ನೂ ಕೊಟ್ಟರು.

"ಅಳಿಯಂದ್ರೆ, ಈ ಕಾರ್‌ನ ಮಗ ಸಾಕ್ದಂಗೆ ಸಾಕಿವ್ನಿ. ಕಂಡೋರ ಕೈಗೆ ಕೊಟ್ಟು ಕೆಡಿಸಿದ್ದು ನನ್ ಕಣ್ಗೇನಾದ್ರೂ ಬಿತ್ತೋ, ಅವತ್ತೇ ವಾಪಸ್ ತಗಂಡೋಯ್ತೀನಿ. ಮಗಳೂ ಅಂತ ನೋಡಾಕಿಲ್ಲ."

ಮಾವ ಹೇಳಿದ್ದನ್ನು ಮಾಡುವ ಜಾತಿ. ಕಾರು ಹೋದರೆ ಹೆಂಡತಿಗೆ ದಿನಾ ಹೋಗಲು ಎರಡು ಬಸ್ಸು, ಬರಲು ಎರಡು ಬಸ್ಸು. ನನಗೆ ದಿನಾ ಅವಳ ಮುಖ. ಮಾವನವರ ಹಳೇ ಮೆಕ್ಯಾನಿಕ್ ಕಣ್ಣು ಮಂಜಾಗಿ ಗ್ಯಾರೇಜು ಮುಚ್ಚಿದ್ದರು. ಹೊಸಬರನ್ನು ಹುಡುಕುವ ಕೆಲಸ ನನ್ನ ತಲೆ ಮೇಲೆ ಬಂತು.

ಟೀ ಅಂಗಡಿಯ ತಜ್ಞರು

ಬಿಳಿಕೆರೆಯ ಟೀ ಅಂಗಡಿಯಲ್ಲಿ ಒಬ್ಬರನ್ನು ಕೇಳಿದೆ. "ಒಳ್ಳೇ ಗ್ಯಾರೇಜ್ ಎಲ್ಲಿದೆ?"

ಒಬ್ಬರನ್ನು ಕೇಳಿದ್ದಷ್ಟೇ ನಾನು. ಉತ್ತರ ಹೇಳಲು ಏಳು ಜನ ಎದ್ದು ಬಂದರು.

"ಇಂಜಿನ್ ಅಂದ್ರೆ ಪಿರಿಯಾಪಟ್ಣ ಕಣ್ರೀ, ಇನ್ನೆಲ್ಲೂ ಇಲ್ಲ."

"ಏ ಸುಮ್ನಿರ್ಲಾ. ಬ್ರೇಕಿಗೆ ಕೆ.ಆರ್. ನಗರ. ಮೊದ್ಲು ನಿಂತ್ಕಳಾದು ಕಲೀಬೇಕು, ಆಮೇಲೆ ಓಡಾದು."

"ವೈರಿಂಗ್‌ಗೆ ಹುಣಸೂರು ಬುಟ್ರೆ ಇಲ್ಲ. ಕೋಟೇಗೆ ಓದ್ರೆ ಎಲ್ಲಾನೂ ಮಾಡ್ತಾರೆ, ಆದ್ರೆ ಅವ್ರಿಗೆ ಮನ್ಸು ಬರ್ಬೇಕು."

ಹಾಗಾದರೆ ಒಂದು ಸರ್ವೀಸಿಗೆ ನಾಲ್ಕು ತಾಲ್ಲೂಕು ಸುತ್ತಬೇಕಲ್ಲ ಎಂದು ಲೆಕ್ಕ ಹಾಕುತ್ತಿದ್ದೆ. ಅಷ್ಟರಲ್ಲಿ ಪಂಚೆ ಎತ್ತಿ ಕಟ್ಟಿದ್ದ ಯಜಮಾನರೊಬ್ಬರು ಎಲ್ಲರನ್ನೂ ಸರಿಸಿ ಬಂದು ಬಾನೆಟ್ ತೆಗೆಸಿದರು. ಒಳಗೆ ಬಗ್ಗಿ ಕಾಲು ಗಂಟೆ ಮಾತಾಡಿದರು. ಯಾವ ಪೈಪು ಎಲ್ಲಿಗೆ ಹೋಗುತ್ತದೆ, ಯಾವ ಭಾಗ ಮೊದಲು ಸವೆಯುತ್ತದೆ, ಎಷ್ಟು ಸಾವಿರ ಕಿಲೋಮೀಟರಿಗೆ ಏನು ಬದಲಾಯಿಸಬೇಕು, ಎಲ್ಲವನ್ನೂ ಹೇಳಿದರು. ಇಪ್ಪತ್ತು ವರ್ಷ ಪಾಠ ಮಾಡಿದ್ದೇನೆ, ಒಂದು ದಿನವೂ ಅಷ್ಟು ನಿರರ್ಗಳವಾಗಿ ಮಾತಾಡಿದ್ದಿಲ್ಲ. ನಾನು ಕೈಕಟ್ಟಿ ನಿಂತು ಕೇಳಿದೆ. ಟೀ ಅಂಗಡಿಯವನು ಕೂಡ ಹಾಲು ಉಕ್ಕಿದ್ದನ್ನು ನೋಡಲಿಲ್ಲ.

ಎಲ್ಲಾ ಮುಗಿಸಿ ಕೈ ಒರೆಸಿಕೊಂಡು ಕೇಳಿದರು. "ಅದಿರ್ಲಿ ಮೇಷ್ಟ್ರೆ, ಇದು ಪೆಟ್ರೋಲೋ ಡೀಸಲ್ಲೋ?"

ಗಾಜಿನ ಆಚೆ

ಇದೆಲ್ಲ ಬೇಡ, ಕಂಪನಿಯವರೇ ಸರಿ ಎಂದುಕೊಂಡು ಮೈಸೂರಿನ ಒಂದು ದೊಡ್ಡ ಸರ್ವೀಸ್ ಸೆಂಟರಿಗೆ ಹೋದೆವು. ಹೆಂಡತಿ ಒಳಗೆ ಕಾಲಿಡುತ್ತಲೇ ಚಪ್ಪಲಿ ಬಿಡಬೇಕೋ ಏನೋ ಎಂದು ಅನುಮಾನಿಸಿದಳು. ಏಸಿ, ಸೋಫಾ, ಕಾಫಿ. ಎದುರಿಗೆ ಗೋಡೆಯಗಲದ ಗಾಜು. ಗಾಜಿನಾಚೆ ಕೈಗವಸು ಹಾಕಿದವರು ನಮ್ಮ ಕಾರನ್ನು ಮೇಲೆತ್ತಿ ಸುತ್ತ ನಿಂತಿದ್ದರು.

"ನಮ್ಮ ಆಸ್ಪತ್ರೇಲಿ ಆಪರೇಷನ್‌ಗೂ ಇಷ್ಟು ಲೈಟ್ ಇಲ್ಲ ಕಣ್ರೀ," ಎಂದಳು.

ನನ್ನ ಪಕ್ಕದಲ್ಲಿ ಗುರುಪುರದ ಕಡೆಯ ರೈತರೊಬ್ಬರು ಕೂತಿದ್ದರು. ಅವರ ಕಾರೂ ಒಳಗಿತ್ತು. ಮೂರು ಸಲ ಎದ್ದು ಗಾಜಿಗೆ ಮೂಗು ಒತ್ತಿ ನೋಡಿ ಬಂದರು. ಕೊನೆಗೆ ನನ್ನ ಕಿವಿಯಲ್ಲಿ, "ನೋಡಾಕೆ ಒಳೀಕ್ ಯಾವಾಗ ಬುಡ್ತಾರೆ ಸಾ?" ಎಂದರು.

ಸಂಜೆಗೆ ಕಾರು ಬಂತು. ಅದು ನಮ್ಮದೇ ಎಂದು ನಂಬರ್ ನೋಡಿ ಖಾತ್ರಿ ಮಾಡಿಕೊಂಡೆ. ಅಷ್ಟು ಹೊಳೆಯುತ್ತಿತ್ತು. ಟೈ ಕಟ್ಟಿದ ಯುವಕನೊಬ್ಬ ಪ್ಲಾಸ್ಟಿಕ್ ಚೀಲ ಹಿಡಿದು ಬಂದು, ಅದರ ಮೇಲೆ ಅಂಟಿಸಿದ ಪಟ್ಟಿಯನ್ನು ಗಂಭೀರವಾಗಿ ಓದಿದ.

"ಸರ್, ಇಂಜಿನ್ ಭಾಗದಲ್ಲಿ ದೊರೆತ ವಸ್ತುಗಳು. ಒಣಗಿದ ನಿಂಬೆಹಣ್ಣು, ಹದಿನಾಲ್ಕು. ಕಪ್ಪು ದಾರ, ಮೂರು. ತಾಯತ, ಎರಡು. ಸೀಟಿನ ಕೆಳಗೆ ಕುಡುಗೋಲು, ಒಂದು."

ಎಲ್ಲವೂ ಮಾವನವರದು. ಕಾರಿಗೆ ದೃಷ್ಟಿಯಾಗಬಾರದೆಂದು ಪ್ರತಿ ಆಯುಧಪೂಜೆಗೂ ಒಂದೊಂದು ಸೇರಿಸಿದ್ದರು. ನಾನು ನಾಚಿಕೊಂಡು ಚೀಲಕ್ಕೆ ಕೈ ಚಾಚಿದೆ. ಅವನು ಕೊಡಲಿಲ್ಲ. ಪೆನ್ನು ತೆಗೆದು, ಅಷ್ಟೇ ಗಂಭೀರವಾಗಿ ಕೇಳಿದ.

"ಇವನ್ನು ವಾಪಸ್ ಫಿಟ್ ಮಾಡಬೇಕಾ ಸರ್?"

ಕೋಟೆಯ ಕಿವಿ

ನಿಂಬೆಹಣ್ಣಿನ ಸುದ್ದಿ ಮಾವನವರಿಗೆ ಮುಟ್ಟಿತು. ಮುಟ್ಟಿಸಿದ್ದು ನನ್ನ ಹೆಂಡತಿಯೇ. "ಇನ್ನೊಂದು ಕಿತಾ ಅಲ್ಲಿಗ್ ಬುಟ್ರೆ ಕಾರು ನಂದು," ಎಂದು ಫೋನಿನಲ್ಲೇ ತೀರ್ಪು ಕೊಟ್ಟರು.

ಮುಂದಿನ ಸಲ ಎಚ್.ಡಿ. ಕೋಟೆಗೆ ಹೋದೆವು. ಹೆಂಡತಿಯ ಆಸ್ಪತ್ರೆಯ ಡ್ರೈವರ್ ಹೇಳಿದ ಜಾಗ. ಒಂದು ಹೊಂಗೆಮರ, ಅದರ ಕೆಳಗೆ ಒಬ್ಬ ಅಜ್ಜ. ಬೋರ್ಡೂ ಇಲ್ಲ, ಬಾಗಿಲೂ ಇಲ್ಲ. ಇಂಜಿನ್ ಚಾಲೂ ಮಾಡಿಸಿ, ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೂ ಹಿಡಿಯನ್ನು ಕಿವಿಗೂ ಇಟ್ಟುಕೊಂಡು ಕಣ್ಣು ಮುಚ್ಚಿದರು. ಆಮೇಲೆ ಡ್ರೈವರ್ ಸೀಟಿನ ಕೆಳಗಿನ ಮ್ಯಾಟು ನೋಡಿದರು, ಕ್ಲಚ್ ಒತ್ತಿ ನೋಡಿದರು.

"ಇದ್ನ ಓಡ್ಸೋರು ಇಬ್ರು," ಎಂದರು.

ಹೌದೆಂದೆವು.

"ಒಬ್ರು ಅಚ್ಚುಕಟ್ಟು. ಇನ್ನೊಬ್ರು ಕ್ಲಚ್ ಮ್ಯಾಲೆ ಕಾಲಿಟ್ಟೇ ಊರೆಲ್ಲ ಸುತ್ತಾರೆ. ಗುಂಡಿ ಬಂದ್ರೆ ಎದರ್ಕತಾರೆ. ಎದುರ್ಗಡೆ ಲಾರಿ ಬಂದ್ರೆ ಆರನ್ ಬುಟ್ಟು ವೈಪರ್ ಆಕ್ತಾರೆ."

ಹೆಂಡತಿ ನನ್ನನ್ನು ನೋಡಿದಳು. ನಾನು ಹೊಂಗೆಮರ ನೋಡಿದೆ. ವೈಪರಿನ ಸಂಗತಿ ನನಗೂ ದೇವರಿಗೂ ಮಾತ್ರ ಗೊತ್ತಿತ್ತು. ಅಷ್ಟು ದೊಡ್ಡ ಗಾಜಿನರಮನೆಗೆ ತಿಳಿಯದ್ದನ್ನು ಈ ಅಜ್ಜ ಐದು ನಿಮಿಷದಲ್ಲಿ ಹೇಳಿದ್ದರು. ಕಾಲಿಗೆ ಬೀಳೋಣ ಎನ್ನಿಸಿತು, ಆದರೆ ಹೆಂಡತಿ ಎದುರಿಗಿದ್ದಳು.

"ಇದಕ್ಕೇನಾದ್ರೂ ಮಾಡೋಕಾಗುತ್ತಾ ತಾತ?" ಎಂದು ಅವಳು ಕೇಳಿದಳು.

"ಕಾರಿಗೆ ಮಾಡ್ಕೊಡ್ತೀನಿ ಕಣವ್ವ. ಮೇಷ್ಟ್ರಿಗೆ ಪಾರ್ಟ್ಸ್ ಬರಾಕಿಲ್ಲ."

ಅವರ ಹತ್ತಿರವೇ ಶಾಶ್ವತವಾಗಿ ಬಿಡೋಣ ಎಂದುಕೊಂಡೆವು. ಆರು ತಿಂಗಳ ಮೇಲೆ ಹೋದರೆ ಮರವಿತ್ತು, ಅಜ್ಜ ಇರಲಿಲ್ಲ. ಮಳೆ ಬಿದ್ದು ಹತ್ತಿ ಬಿತ್ತನೆಗೆ ಹೊಲಕ್ಕೆ ಹೋಗಿದ್ದರು. ಅಲ್ಲಿಗೇ ಹೋಗಿ ಕೇಳಿದೆ. ನೇಗಿಲು ಬಿಡದೆ ಹೇಳಿದರು. "ಬಿತ್ನೆ ಮುಗೀಲಿ. ಕಾರು ಕಾಯ್ತದೆ, ಮಳೆ ಕಾಯ್ತದಾ?"

ಟ್ರಯಲ್

ತಾರೀಖು ಮೀರುತ್ತಿತ್ತು. ಮಾವ ದಿನಾ ಫೋನ್ ಮಾಡಿ "ಆಯಿಲ್ ಬದ್ಲಾಯಿಸಿದ್ರಾ ಅಳಿಯಂದ್ರೆ?" ಎನ್ನುತ್ತಿದ್ದರು. ಶಾಲೆಯ ಇಂಗ್ಲಿಷ್ ಮೇಷ್ಟ್ರು ಕೆ.ಆರ್. ನಗರದ ಒಬ್ಬ ಮೆಕ್ಯಾನಿಕ್ ಹೆಸರು ಹೇಳಿದರು. ಶುಕ್ರವಾರ ಕಾರು ಬಿಟ್ಟೆ. ಅವನು ಸುತ್ತ ಒಂದು ಸಲ ಬಂದು, "ಸೋಮ್ವಾರ ತಗಂಡೋಗಿ ಸಾ. ನಾನು ಟ್ರಯಲ್ ನೋಡ್ದೆ ಗಾಡಿ ಕೊಡಾಕಿಲ್ಲ," ಎಂದ. ಎಂಥ ಶಿಸ್ತು ಎಂದು ಬೆರಗಾಗಿ ಮನೆಗೆ ಬಂದೆ.

ಭಾನುವಾರ ಕಟ್ಟೆಮಳಲವಾಡಿ ಹತ್ತಿರದ ಹಳ್ಳಿಯೊಂದರಲ್ಲಿ ಬೀಗರೂಟ. ಮಾವನವರ ತಮ್ಮನ ಮಗನ ಮದುವೆ ಮುಗಿದು, ಹೆಣ್ಣಿನ ಕಡೆಯವರಿಗೆ ನಮ್ಮವರು ಹಾಕಿದ ಊಟ. ನಾವು ಗಂಡಿನ ಕಡೆ, ಬಸ್ಸಿನಲ್ಲಿ ಹೋದೆವು. ಮಾವ ಶಾಮಿಯಾನದ ಬಾಗಿಲಲ್ಲೇ ಹಿಡಿದರು.

"ಕಾರೆಲ್ಲಿ ಬಿಟ್ಟಿದ್ದೀರಿ, ಅಳಿಯಂದ್ರೆ?"

"ಸರ್ವೀಸಿಗೆ ಬಿಟ್ಟಿದ್ದೀನಿ ಮಾವ. ಬಹಳ ಶಿಸ್ತಿನ ಮನುಷ್ಯ."

ಮಾತು ಮುಗಿಯುವುದರೊಳಗೆ ಹೆಣ್ಣಿನ ಕಡೆಯವರು ಬಂದರೆಂದು ಗದ್ದಲವಾಯಿತು. ಏರಿನ ಕೆಳಗಿಂದ ಹಾರನ್ ಹೊಡೆಯುತ್ತ ಒಂದು ಕಾರು ಬಂತು. ನಮ್ಮದೇ. ಬಾಗಿಲು ತೆರೆಯಿತು. ಒಬ್ಬರು, ಇಬ್ಬರು, ನಾಲ್ವರು, ಒಂದು ಬಾಳೆಗೊನೆ, ಮತ್ತೆ ಐದು ಜನ, ಒಂದು ಅಜ್ಜಿ. ಕೊನೆಗೆ ಡ್ರೈವರ್ ಸೀಟಿನಿಂದ ಬಿಳಿ ಪಂಚೆ, ಬಿಳಿ ಅಂಗಿಯಲ್ಲಿ ನಮ್ಮ ಮೆಕ್ಯಾನಿಕ್ ಇಳಿದ. ಅವನು ಮದುವೆ ಹುಡುಗಿಯ ಸೋದರಮಾವ.

ಮಾವನವರ ಮುಖ ನೋಡಿದೆ. ಎರಡು ಬಸ್ಸು, ಮತ್ತೆರಡು ಬಸ್ಸು ನನ್ನ ಕಣ್ಣ ಮುಂದೆ ಹಾದುಹೋದವು. ಹೆಂಡತಿ ನನ್ನ ತೋಳು ಹಿಡಿದಳು. ಮಾವ ದಾಪುಗಾಲು ಹಾಕಿ ಅವನ ಮುಂದೆ ಹೋಗಿ ನಿಂತರು. ಆದರೆ ಬಂದವನು ಬೀಗ. ಬೀಗರೂಟದ ದಿನ ಬೀಗರನ್ನು ಬೈದವರು ಏಳು ತಲೆಮಾರಲ್ಲಿ ಯಾರೂ ಇಲ್ಲ. ಯಾರೋ ಮಾವನವರ ಕೈಗೆ ನೀರಿನ ಚೊಂಬು ಕೊಟ್ಟರು. ಹಲ್ಲು ಕಚ್ಚಿಕೊಂಡು ಅವನ ಕಾಲಿಗೆ ನೀರು ಕೊಟ್ಟರು.

ಆಮೇಲೆ ಸೀದಾ ಕಾರಿನ ಹತ್ತಿರ ಹೋಗಿ ಬಾನೆಟ್ಟಿನ ಮೇಲೆ ಅಂಗೈ ಇಟ್ಟರು. ಮೂವತ್ತು ವರ್ಷ ಬ್ಯಾರನ್ನಿನ ಬಿಸಿಗೂಡಿನಲ್ಲಿ ಹೊಗೆಸೊಪ್ಪು ಬೇಯಿಸಿದ ಕೈ. ಗೋಡೆ ಮುಟ್ಟಿ ಒಳಗಿನ ಕಾವು ಹೇಳುವ ಕೈ. ಕಣ್ಣು ಮುಚ್ಚಿ ನಿಂತರು. ಮೇಳದವರೂ ಓಲಗ ನಿಲ್ಲಿಸಿದರು.

"ಎಷ್ಟು ಜನ ಬಂದ್ರಿ ಬೀಗ್ರೆ?"

"ನಾನೂ ಸೇರಿ ಅನ್ನೊಂದು. ಒಂದು ಗೊನೆ."

"ಏರು ಯಾವ ಗೇರಲ್ಲಿ ಅತ್ತಿತು?"

"ಮೂರ್ನೇದ್ರಲ್ಲೇ. ಲೋಡ್ ಆಕ್ದೆ ಟ್ರಯಲ್ ನೋಡಿದ್ರೆ ಏನ್ ಗೊತ್ತಾಯ್ತದೆ ಯಜಮಾನ್ರೆ? ಪಾಪ, ಇದು ಯಾರೋ ಮೇಷ್ಟ್ರದು. ನಂಬಿ ಬುಟ್ಟವ್ರೆ."

ಮಾವ ಕಣ್ಣು ತೆರೆದರು. ಅವರು ಬೆರಗಾದದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಅನ್ನೊಂದು ಜನಾನ ಏರಿಗ್ ಎಳ್ದ್ರೂ ಇಂಜಿನ್ ಕೈ ಸುಡ್ತಿಲ್ಲ," ಎಂದು ನನ್ನ ಕಡೆ ತಿರುಗಿದರು. "ಸರ್ವೀಸು ಅಂದ್ರೆ ಇದು ಕಣ್ರೀ. ಇನ್ಮ್ಯಾಕೆ ಇವ್ರತ್ರಾನೇ ಬುಡಿ. ಕಾರು ನಿಮ್ಮತ್ರಾನೇ ಇರ್ಲಿ."

ನನಗೆ ಹೋದ ಜೀವ ಬಂತು. ಎರಡು ಮುದ್ದೆ ಹೆಚ್ಚಿಗೆ ಉಂಡೆ.

ಊಟವಾದ ಮೇಲೆ ಮಳೆ ಹನಿಯಿತು, ಬಸ್ಸು ತಪ್ಪಿತು. ಹೇಗೂ ಕಾರಿದೆಯಲ್ಲ ಎಂದು ಕೆಸರಲ್ಲಿ ಓಡಿ ಹೋದರೆ, ಹತ್ತು ಜನವೂ ಒಳಗೆ ಕೂತಾಗಿತ್ತು. ಮೆಕ್ಯಾನಿಕ್ ನಮ್ಮಿಬ್ಬರನ್ನು ನೋಡಿ, ಎಲ್ಲಿ ಕೂರಿಸಲಿ ಎಂದು ಒಂದು ಕ್ಷಣ ತಬ್ಬಿಬ್ಬಾದ.

"ಬತ್ತಾ ಏರು ನೋಡಾಯ್ತು ಸಾ. ಓಗ್ತಾ ಇಳಿಜಾರಲ್ಲಿ ಬ್ರೇಕ್ ನೋಡ್ಬೇಕು. ಟ್ರಯಲ್ ಅರ್ಧಕ್ಕೇ ನಿಲ್ಲಿಸಂಗಿಲ್ಲ. ಒಸಿ ಅಡ್ಜಸ್ಟ್ ಮಾಡ್ಕಳಿ."

ಹೆಂಡತಿಗೆ ಮುಂದೆ ಜಾಗ ಸಿಕ್ಕಿತು. ನಾನು ಹಿಂದಿನ ಬಾಗಿಲು ಹಿಡಿದು ಒಂದು ಕಾಲು ಒಳಗಿಟ್ಟೆ. ಒಳಗಿದ್ದ ಅಜ್ಜಿ ತನ್ನ ಸೀರೆ ಎಳೆದುಕೊಂಡು, ನನ್ನ ಕೆಸರುಗಾಲು ನೋಡಿ ಗದರಿದಳು.

"ಕಾಲ್ ಒರಸ್ಕಂಡು ಅತ್ತಪ್ಪ! ಕಂಡೋರ ಕಾರು."

ಒರೆಸಿಕೊಂಡೆ.