ಬ್ರೇಕಿನ ಒಳಬದಿ

ಬ್ರೇಕ್ ಒತ್ತಿದಾಗ ಕಾರು ಕೀಂಯ್ ಎಂದರೆ ಬ್ರೇಕ್ ಭಾರೀ ಗಟ್ಟಿ ಉಂಟು ಎಂದೇ ವಿಶಾಲ್ ಮೂರು ತಿಂಗಳು ನಂಬಿದ್ದ. ಕಾಪು ಪೇಟೆಯಲ್ಲಿ ಜನ ಬೆಚ್ಚಿ ಬದಿಗೆ ಹಾರಿದರೆ ಅವನಿಗೆ ಒಳಗೊಳಗೇ ಹೆಮ್ಮೆ. (ಹಾರ್ನ್ ಒತ್ತುವ ಕಷ್ಟವೂ ಇಲ್ಲವಲ್ಲ!) ಚಕ್ರವನ್ನು ಹಿಡಿದು ನಿಲ್ಲಿಸುವ ಬ್ರೇಕ್ ಪ್ಯಾಡ್ ಸವೆದರೆ ಹಾಗೆ ಕಿರುಚುವುದೆಂದು ಮಣಿಪಾಲದ ಆಫೀಸಿನಲ್ಲಿ ಯಾರೋ ಹೇಳಿದ ದಿನ ಅವನು ನಡುಗಿದ. ಪ್ರಾಣಭಯದಿಂದಲ್ಲ, ಸುದ್ದಿ ಅತ್ತೆಯ ಕಿವಿಗೆ ಬಿದ್ದರೆ ಎಂಬ ಭಯದಿಂದ.

ಮೂವತ್ತು ವರ್ಷ ಮೀನು ಮಾರಿದ ಅತ್ತೆ ನಳಿನಾಕ್ಷಿ ಅಳಿಯನ ಕಾರು ಹತ್ತುತ್ತಲೇ ಇರಲಿಲ್ಲ. ಕಾರು ಅಂಗಳದಲ್ಲಿದ್ದರೂ ಅಜೆಕಾರಿನ ತಂಗಿಯ ಮನೆಗೆ ಬಸ್ಸು ಬದಲಿಸಿ ಬದಲಿಸಿ ಹೋಗುವವರು. ಭಾನುವಾರ ಅಲ್ಲಿ ನಿಶ್ಚಿತಾರ್ಥ. ಆವತ್ತೂ ಅತ್ತೆ ಬಸ್ಸಿನಿಂದಲೇ ಇಳಿದರೆ ನೆಂಟರೆದುರು ವಿಶಾಲನ ಮರ್ಯಾದೆ ಬಸ್‌ಸ್ಟ್ಯಾಂಡ್ ಪಾಲು.

ಆದ್ದರಿಂದ ಶನಿವಾರ ಬೆಳಿಗ್ಗೆ ಅಂಗಳದಲ್ಲಿ ಬ್ರೇಕಿನ ಮಹಾಪರಿವೀಕ್ಷಣೆ. ಎರಡು ವೀಡಿಯೊ ನೋಡಿ ಪಂಡಿತನಾಗಿದ್ದ ವಿಶಾಲ್ ನೆಲಕ್ಕೆ ಸಾಷ್ಟಾಂಗ ಬಿದ್ದು, ಮುಂದಿನ ಚಕ್ರದ ಸಂದಿಗೆ ಮೊಬೈಲ್ ಬೆಳಕು ಬಿಟ್ಟ.

"ಪ್ಯಾಡ್ ಬೆರಳಿನಷ್ಟು ದಪ್ಪ ಉಂಟು! ಶಬ್ದ ಬರೀ ಧೂಳಿನದ್ದು," ಎಂದು ಘೋಷಿಸಿದ.

"ಅಂಗಿಯ ಧೂಳು ನೀವೇ ತೊಳೆಯಿರಿ ಮಾರಾಯ್ರೆ," ಎಂದಳು ಹೆಂಡತಿ ಹರ್ಷಿಣಿ.

ಜಗಲಿಯಿಂದ ಅತ್ತೆ ಕೇಳಿದರು: "ಒಳಬದಿ ನೋಡಿದಿರಾ?"

"ಒಳಗಿನ ಪ್ಯಾಡೂ ಹೀಗೇ ಇರ್ತದೆ ಮಾಮಿ."

"ಬುಟ್ಟಿಯಲ್ಲಿ ಮೇಲೆ ಹೊಳೆಯುವ ಬಂಗುಡೆ, ಅಡಿಯಲ್ಲಿ ನಿನ್ನೆಯದ್ದು. ನಾನೇ ಎಷ್ಟು ಜನರಿಗೆ ಮಾರಿಲ್ಲ! ಮೇಲಿನದ್ದು ನೋಡಿ ಖುಷಿಯಿಂದ ತೆಗೆದುಕೊಂಡು ಹೋಗುವವರು ನಿಮ್ಮಂಥವರೇ."

ಹರ್ಷಿಣಿ ನಗುತ್ತ ಸ್ಟೀರಿಂಗ್ ಪೂರ್ತಿ ತಿರುಗಿಸಿದಳು. ಚಕ್ರ ಹೊರಳಿತು. ಅತ್ತೆ ಇಳಿದು ಬಂದು, ಮೀನಿನ ಕಿವಿರು ಎತ್ತಿ ನೋಡುವ ಗಾಂಭೀರ್ಯದಲ್ಲಿ ಚಕ್ರದ ಹಿಂದಿನಿಂದ ಇಣುಕಿದರು. ಒಳಗಿನ ಪ್ಯಾಡ್ ಬಸ್ ಟಿಕೆಟಿನಷ್ಟು ತೆಳ್ಳಗೆ ಉಳಿದಿತ್ತು.

"ಇದು ನಿನ್ನೆಯದ್ದೂ ಅಲ್ಲ, ಮೊನ್ನೆಯದ್ದು," ಎಂದು ತೀರ್ಪು ಕೊಟ್ಟರು.

ಕಾರನ್ನು ಇರುವೆಯ ಹಾಗೆ ನಡೆಸಿ ಗ್ಯಾರೇಜಿಗೆ ಮುಟ್ಟಿಸಿದ್ದಾಯಿತು. ಮಧ್ಯಾಹ್ನದೊಳಗೆ ಹೊಸ ಪ್ಯಾಡ್ ಕೂತಿತು. ಕಾರಿನ ಬಾಯಿ ಮುಚ್ಚಿತು, ವಿಶಾಲನದ್ದು ತೆರೆಯಿತು.

"ಅಂದರೆ ಮಾಮಿ, ಇಷ್ಟು ದಿನ ನೀವು ಬಸ್ಸಿನಲ್ಲಿ ಹೋದದ್ದು ಬ್ರೇಕಿಗೆ ಹೆದರಿ ಅಲ್ವಾ? ನನ್ನ ಡ್ರೈವಿಂಗಿಗೆ ಹೆದರಿ ಅಲ್ಲವಲ್ಲ?"

ನಾಳೆಯ ಸೀರೆಯನ್ನು ಬ್ಯಾಗಿಗಿಡುತ್ತಿದ್ದ ಅತ್ತೆ ತಲೆ ಎತ್ತಲಿಲ್ಲ.

"ಪ್ಯಾಡ್ ಬದಲಾಯಿಸಿದಿರಿ, ಒಳ್ಳೆಯದಾಯಿತು. ಡ್ರೈವರನ್ನು ಬದಲಾಯಿಸಲು ಮಗಳು ಒಪ್ಪುವುದಿಲ್ಲ. ನನಗೆ ನಾಳೆ ಏಳೂವರೆಗೆ ಬಸ್ಸುಂಟು."